ಟ್ರೇಲರ್ ಮೇಲೆ ಬೈಕ್: ಪಟ್ಟಿ ಕಲ್ಲಿನ ಹಾಗೆ ಬಿಗಿ ಇತ್ತು, ಆದರೂ ಕೊಕ್ಕೆ ಕಳಚಿತು. ಯಾಕೆ?

ಒಂಟಿಸಿಲಿಂಡರ್:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಗೆಳೆಯನ ಟ್ರೇಲರ್ ತಂದು ನನ್ನ ಬೈಕ್ ಹೇರಿಕೊಂಡು ಹೊರಟಿದ್ದೆ. ಬೈಕ್ 190 ಕೆಜಿ ಇದೆ. ನಾಲ್ಕು ರಾಚೆಟ್ ಪಟ್ಟಿ (ಹಿಡಿ ಆಡಿಸಿ ಒಂದೊಂದೇ ಹಲ್ಲು ಬಿಗಿ ಮಾಡುವಂಥದ್ದು), ಮುಂದೆ ಎರಡು, ಹಿಂದೆ ಎರಡು. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹ್ಯಾಂಡಲ್ ತುದಿಗೆ ಗ್ರಿಪ್ ಪಕ್ಕದಲ್ಲೇ ಪಟ್ಟಿ ಸುತ್ತಿ, ರಾಚೆಟ್ ಇನ್ನು ತಿರುಗಲ್ಲ ಅನ್ನುವವರೆಗೂ ಎಳೆದಿದ್ದೆ. ಬೈಕ್ ಹಿಡಿದು ಅಲ್ಲಾಡಿಸಿದರೆ ಟ್ರೇಲರ್ ಅಲ್ಲಾಡುತ್ತಿತ್ತು, ಬೈಕ್ ಅಲ್ಲ. ಪಟ್ಟಿಯನ್ನು ಬೆರಳಿಂದ ಮೀಟಿದರೆ ತಂಬೂರಿ ತಂತಿಯ ಹಾಗೆ ಸದ್ದು. ಸಾಕು ಬಿಡು ಅಂದುಕೊಂಡೆ.

30 ಕಿಮೀ ಹೋಗಿರಬಹುದು. ಬಣ್ಣ ಬಳಿಯದ ಹಂಪ್ ಒಂದು ಕಾಣಲಿಲ್ಲ, ಗಾಡಿ ಸ್ವಲ್ಪ ಜೋರಾಗೇ ಹಾರಿತು. ಕನ್ನಡಿಯಲ್ಲಿ ನೋಡಿದರೆ ಬೈಕಿನ ತಲೆ ಒಂದು ಕಡೆ ಬಿದ್ದಿದೆ. ನಿಲ್ಲಿಸಿ ಇಳಿದೆ. ಬಲಗಡೆ ಮುಂದಿನ ಪಟ್ಟಿಯ ಕೊಕ್ಕೆ ಟ್ರೇಲರ್ ಹಲಗೆ ಮೇಲೆ ಬಿದ್ದಿತ್ತು. ಪಟ್ಟಿ ಹರಿದಿಲ್ಲ, ರಾಚೆಟ್ ಬಿಚ್ಚಿಲ್ಲ, ಕೊಕ್ಕೆ ಬಾಗಿಲ್ಲ. ಸುಮ್ನೆ ಕಳಚಿಕೊಂಡು ಬಿದ್ದಿದೆ. ಬೈಕ್ ಎಡಕ್ಕೆ ವಾಲಿ ಹ್ಯಾಂಡಲ್ ತುದಿ ಟ್ರೇಲರ್ ಕಂಬಿಗೆ ಒರಗಿತ್ತು. ಸೈಡ್ ಸ್ಟ್ಯಾಂಡ್ ಹೊರಕ್ಕೆ ಬಾಗಿದೆ, ಬೆಸುಗೆ ಹತ್ತಿರ ಕೂದಲೆಳೆಯಷ್ಟು ಬಿರುಕೂ ಬಂದಿದೆ.

ಮುಂದಿನ ವಾರ ಇದೇ ಬೈಕನ್ನು 600 ಕಿಮೀ ಸಾಗಿಸಬೇಕು. ಅಷ್ಟು ಬಿಗಿ ಕಟ್ಟಿದರೂ ಹೀಗಾಯಿತಲ್ಲ, ಇನ್ನೆಷ್ಟು ಬಿಗಿ ಮಾಡುವುದು? ಜಾಸ್ತಿ ಎಳೆದರೆ ಫೋರ್ಕ್ ಸೀಲ್ (ಮುಂದಿನ ಚಕ್ರ ಹಿಡಿದ ಸ್ಪ್ರಿಂಗ್ ಕೊಳವೆಗಳಿಂದ ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರ್) ಹೋಗುತ್ತದೆ ಅಂತ ಒಬ್ಬರು, ಎಳೆಯದಿದ್ದರೆ ಬೈಕೇ ಹೋಗುತ್ತದೆ ಅಂತ ಇನ್ನೊಬ್ಬರು. ಗೇರಿನಲ್ಲಿ ಇಡಬೇಕಾ, ನ್ಯೂಟ್ರಲ್‌ನಲ್ಲಾ? ಅದರಲ್ಲೂ ಎರಡು ಮಾತು. ಗೊತ್ತಿದ್ದವರು ಬಿಡಿಸಿ ಹೇಳಿ.

—

ನಿಧಾನಸವಾರ:

ಸೈಡ್ ಸ್ಟ್ಯಾಂಡ್ ಮೇಲೆ ಕಟ್ಟಿದ್ರಾ? ಅಯ್ಯೋ ಮಾರಾಯ್ರೇ. 30 ಕಿಮೀ ಬಂದಿದ್ದೇ ದೊಡ್ಡದು.

—

ಗ್ರೀಸ್‌ಕೈ:

ತಂಬೂರಿ ಹಾಗೆ ಸದ್ದು ಬಂತು ಅಂದಿರಲ್ಲ, ನಿಮ್ಮನ್ನು ಮೋಸ ಮಾಡಿದ್ದೇ ಅದು. ನೀವು ಬಿಗಿ ಮಾಡಿದ್ದು ಬೈಕನ್ನಲ್ಲ, ಸೈಡ್ ಸ್ಟ್ಯಾಂಡನ್ನು. ಸ್ಟ್ಯಾಂಡ್ ಗಟ್ಟಿ ಕಬ್ಬಿಣದ ಕಾಲು. ಅದರ ಮೇಲೆ ನಿಂತ ಬೈಕನ್ನು ಕೆಳಕ್ಕೆ ಎಳೆದರೆ ಭಾರವೆಲ್ಲ ಆ ಕಾಲಿಗೆ ಹೋಗುತ್ತದೆ, ಫೋರ್ಕ್ ಅಷ್ಟಾಗಿ ಕುಗ್ಗುವುದೇ ಇಲ್ಲ. ಮುಟ್ಟಿದರೆ ಕಲ್ಲಿನ ಹಾಗೆ. ಒಳಗೆ ಸ್ಪ್ರಿಂಗ್‌ಗಳು ಹಾಗೇ ಸಡಿಲವಾಗಿ ಕೂತಿವೆ.

ಹಂಪ್ ಹತ್ತಿದಾಗ ಏನಾಯಿತು ನೋಡಿ. ಟ್ರೇಲರ್ ಹಲಗೆ ಏಕಾಏಕಿ ಮೇಲಕ್ಕೆ ಬಂತು. ಬೈಕಿನ ತೂಕ ಅಷ್ಟು ಬೇಗ ಮೇಲೆ ಬರಲ್ಲ, ಹಾಗಾಗಿ ಫೋರ್ಕ್ ಒಳಕ್ಕೆ ಹೋಯಿತು. ಎಡಗಡೆ ಸ್ಟ್ಯಾಂಡ್ ತಡೆದಿದ್ದರಿಂದ ಬೈಕ್ ಅದರ ಮೇಲೆ ತಿರುಗಿ ಬಲಕ್ಕೆ ಎದ್ದಿತು. ಅಂದರೆ ಬಲಗಡೆ ಹ್ಯಾಂಡಲ್ ತುದಿಗೂ ಹಲಗೆಗೂ ನಡುವಿನ ದೂರ ಕಡಿಮೆ ಆಯಿತು. ಪಟ್ಟಿ ರಬ್ಬರ್ ಅಲ್ಲ, ತಾನಾಗಿ ಗಿಡ್ಡ ಆಗಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಅದು ಜೋತು ಬಿತ್ತು, ಅಷ್ಟರಲ್ಲಿ ಬಾಯಿ ತೆರೆದ ಕೊಕ್ಕೆ ಟ್ರೇಲರ್ ಬಳೆಯಿಂದ ಹೊರಗೆ. ಮರುಕ್ಷಣ ಬೈಕ್ ಎಡಕ್ಕೆ ವಾಪಸ್ ಬಡಿಯಿತು, ಹಿಡಿದುಕೊಳ್ಳಲು ಬಲಗಡೆ ಪಟ್ಟಿ ಇಲ್ಲ, ಪೂರ್ತಿ ಏಟು ಸ್ಟ್ಯಾಂಡಿಗೆ. ಬಾಗದೆ ಇನ್ನೇನು ಮಾಡೀತು.

ನನ್ನ ಕೈಗೆ ರಿಪೇರಿಗೆ ಬಂದ, ಟ್ರೇಲರ್ ಮೇಲೆ ಬಿದ್ದ ಬೈಕುಗಳಲ್ಲಿ ಪಟ್ಟಿ ಹರಿದು ಬಿದ್ದದ್ದು ಒಂದೇ ಒಂದು. ಉಳಿದವೆಲ್ಲ ಪಟ್ಟಿ ಸಡಿಲವಾಗಿ ಬಿದ್ದವು. ಹಾಗಾಗಿ "ಇನ್ನೆಷ್ಟು ಬಿಗಿ" ಅನ್ನುವ ಪ್ರಶ್ನೆ ಬಿಡಿ, "ಬೈಕ್ ಕುಣಿದಾಗಲೂ ಪಟ್ಟಿಯಲ್ಲಿ ಎಳೆತ ಉಳಿಯುತ್ತದಾ" ಅಂತ ಕೇಳಿಕೊಳ್ಳಿ.

ಸ್ಟ್ಯಾಂಡ್ ಎತ್ತಿ ಬೈಕನ್ನು ನೆಟ್ಟಗೆ ನಿಲ್ಲಿಸಿ. ಒಬ್ಬರು ಹಿಡಿದುಕೊಳ್ಳಲಿ. ಮುಂದಿನ ಎರಡು ಪಟ್ಟಿಯನ್ನು ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಂದೇ ಕಡೆ ಪೂರ್ತಿ ಎಳೆದು ಆಮೇಲೆ ಇನ್ನೊಂದು ಅಂದರೆ ಬೈಕ್ ಸೊಟ್ಟಗೆ ಕೂರುತ್ತದೆ. ಫೋರ್ಕಿನ ಒಟ್ಟು ಓಟದ, ಅಂದರೆ ಅದು ಪೂರ್ತಿ ಕುಗ್ಗಬಲ್ಲ ದೂರದ, ಅರ್ಧಕ್ಕೆ ಹತ್ತಿರ ಕುಗ್ಗಿದರೆ ಸಾಕು. ರಸ್ತೆ ಬೈಕಿನ ಫೋರ್ಕ್ 120 ಮಿಮೀ ಓಡುತ್ತದೆ ಅಂದುಕೊಂಡರೆ, ತನ್ನ ಭಾರಕ್ಕೇ 25–30 ಮಿಮೀ ಕೂತಿರುತ್ತದೆ, ನೀವು ಇನ್ನೊಂದು 30–40 ಎಳೆಯುತ್ತೀರಿ. ಎರಡೂ ಸ್ಪ್ರಿಂಗ್ ಸೇರಿ ಮಿಲಿಮೀಟರಿಗೆ ಒಂದೂವರೆ ಕೆಜಿ ಅಂತ ಲೆಕ್ಕ ಹಿಡಿದರೂ 40 ಮಿಮೀಗೆ 60 ಕೆಜಿ ಆಯಿತು. ಗುಂಡಿಯ ಏಟು ಬೈಕಿನ ಮುಂಭಾಗವನ್ನು ಆ 60 ಕೆಜಿಗಿಂತ ಜಾಸ್ತಿ ಕೆಳಕ್ಕೆ ಒತ್ತಿದರೆ ಮಾತ್ರ ಪಟ್ಟಿ ಸಡಿಲ ಆಗುವುದು. ನಿಮ್ಮ ಭಾನುವಾರದ ಕಟ್ಟಿನಲ್ಲಿ ಈ ಜಮಾ ಹೆಚ್ಚುಕಡಿಮೆ ಸೊನ್ನೆ.

ತಳ ಮುಟ್ಟುವವರೆಗೂ ಎಳೆಯಬೇಡಿ. ಆಗ ಫೋರ್ಕಿಗೆ ಕುಗ್ಗಲು ಜಾಗವೇ ಇಲ್ಲ, ಗುಂಡಿಯ ಪ್ರತಿ ಏಟೂ ನೇರ ಹ್ಯಾಂಡಲ್, ಕೊಕ್ಕೆ, ಟ್ರೇಲರ್ ಬಳೆಗೆ ಹೋಗುತ್ತದೆ.

ಸೀಲ್ ವಿಷಯ. ಈ ಭಯ ನನಗೆ ಅಷ್ಟು ಸರಿ ಅನ್ನಿಸಲ್ಲ. ನೀವು ಜೋರಾಗಿ ಬ್ರೇಕ್ ಹಿಡಿದಾಗ ಫೋರ್ಕ್ ಇದಕ್ಕಿಂತ ಜಾಸ್ತಿ ಕುಗ್ಗುತ್ತದೆ, ದಿನಕ್ಕೆ ನೂರು ಸಲ. ಸೀಲ್ ಹಾಳಾಗುವುದು ಧೂಳು ಸಿಕ್ಕಿಕೊಂಡು, ಇಲ್ಲವೇ ಕೊಳವೆ ಮೇಲೆ ತುಕ್ಕಿನ ಚುಕ್ಕೆ ಎದ್ದು ಸೀಲಿನ ಅಂಚು ಕೆರೆದು. ಮೊದಲೇ ಅರ್ಧ ಸತ್ತ ಸೀಲ್ ಇದ್ದರೆ ದಾರಿಯಲ್ಲಿ ಎಣ್ಣೆ ಜಿನುಗಬಹುದು, ಅದು ಹೇಗೂ ಹೋಗುವುದೇ ಇತ್ತು. ಸ್ಪ್ರಿಂಗೂ ಸುಮ್ನೆ ಕುಗ್ಗಿ ಕೂತಿದ್ದಕ್ಕೆ ಸೋಲಲ್ಲ. ಊರು ಮುಟ್ಟಿದ ಮೇಲೆ ಹಾಗೇ ವಾರಗಟ್ಟಲೆ ಬಿಡದೆ ಬಿಚ್ಚಿಬಿಡಿ, ಅಷ್ಟೇ.

ಹ್ಯಾಂಡಲ್ ತುದಿಗೆ ಕಟ್ಟುವುದನ್ನೂ ಬಿಡಿ. ತುದಿಗೆ ಹೋದಷ್ಟೂ ಹ್ಯಾಂಡಲ್ ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ, ಬಾಗುತ್ತದೆ, ಇಲ್ಲವೇ ಕ್ಲಾಂಪಿನಲ್ಲಿ ತಿರುಗಿ ಸಡಿಲ ಆಗುತ್ತದೆ. ಫೋರ್ಕ್ ಎರಡನ್ನೂ ಹಿಡಿದಿರುವ ಕೆಳಗಿನ ಕ್ಲಾಂಪ್ ಇದೆಯಲ್ಲ, ಅಲ್ಲಿಗೆ ಮೆತ್ತನೆ ಕುಣಿಕೆ ಹಾಕಿ, ಪಟ್ಟಿಯ ಕೊಕ್ಕೆಯನ್ನು ಆ ಕುಣಿಕೆಗೆ ಸಿಕ್ಕಿಸಿ. ಕೊಕ್ಕೆ ನೇರವಾಗಿ ಬೈಕಿನ ಯಾವ ಭಾಗಕ್ಕೂ ಬೇಡ. ಕುಣಿಕೆ ಹಾಕುವಾಗ ಬ್ರೇಕ್ ಪೈಪ್, ಕ್ಲಚ್ ಕೇಬಲ್, ವಯರ್ ಯಾವುದೂ ಕೆಳಗೆ ಸಿಕ್ಕಿಕೊಂಡಿಲ್ಲ ಅಂತ ಬೆರಳು ಹಾಕಿ ತಡವಿ ನೋಡಿ. ಕಣ್ಣಿಗೆ ಕಾಣಲ್ಲ.

ಕೊಕ್ಕೆಗೆ ನಾಲಿಗೆ ಇರುವಂಥದ್ದು ತಗೊಳ್ಳಿ. ಸ್ಪ್ರಿಂಗ್ ಹಾಕಿದ ಪುಟ್ಟ ತಗಡು ಬಾಯಿ ಮುಚ್ಚುತ್ತದಲ್ಲ, ಅದು. ಪಟ್ಟಿ ಒಂದು ಕ್ಷಣ ಸಡಿಲ ಆದರೂ ಕೊಕ್ಕೆ ಎಲ್ಲೂ ಹೋಗಲ್ಲ. ಸಿಗಲಿಲ್ಲ ಅಂದರೆ ಕೊಕ್ಕೆ ಬಾಯಿಗೆ ಅಡ್ಡ ಒಂದು ಕೇಬಲ್ ಟೈ ಬಿಗಿದುಬಿಡಿ.

ಇನ್ನೊಂದು ಕೇಬಲ್ ಟೈ ಫೋರ್ಕಿನ ಹೊಳೆಯುವ ಕೊಳವೆಗೆ ಸುತ್ತಿ, ಬೈಕ್ ಕಟ್ಟಿ ಮುಗಿದ ಮೇಲೆ ಅದನ್ನು ಸೀಲಿಗೆ ತಾಗುವ ಹಾಗೆ ಜರುಗಿಸಿಡಿ. 20 ಕಿಮೀ ಆದ ಮೇಲೆ ನಿಲ್ಲಿಸಿ ನೋಡಿ. ಟೈ ಎಷ್ಟು ಮೇಲಕ್ಕೆ ಹೋಗಿದೆಯೋ ಫೋರ್ಕ್ ದಾರಿಯಲ್ಲಿ ಅಷ್ಟು ಕುಣಿದಿದೆ ಅಂತ ಅರ್ಥ. 10–20 ಮಿಮೀ ಸಹಜ. 40 ದಾಟಿದರೆ ಕಟ್ಟು ಸಾಲದು.

—

ಕೆಸರುಚಕ್ರ:

ಗ್ರೀಸ್‌ಕೈ ಹೇಳಿದ್ದಕ್ಕೆಲ್ಲ ಸೈ, ಒಂದು ಬಿಟ್ಟು. ರಾಚೆಟ್ ಯಾಕೆ? ನಾನು ಕೆಸರಿನ ಬೈಕ್ ಓಡಿಸುವವನು, ಹೆಚ್ಚುಕಡಿಮೆ ಪ್ರತಿ ವಾರ ಕಟ್ಟಿ ಬಿಚ್ಚುತ್ತೇನೆ. ರಾಚೆಟ್ ಕೈಯಲ್ಲಿದ್ದರೆ ಮನುಷ್ಯನಿಗೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲ್ಲ. ಕಟಕ್ ಕಟಕ್ ಅಂತ ಇನ್ನೊಂದು ಹಲ್ಲು, ಇನ್ನೊಂದು ಹಲ್ಲು. ಅದರಲ್ಲಿ ಹ್ಯಾಂಡಲ್ ಬಗ್ಗಿಸುವಷ್ಟು ಬಲ ಇದೆ. ಕ್ಯಾಮ್ ಬಕಲ್ ಪಟ್ಟಿಯಲ್ಲಿ (ಪಟ್ಟಿಯ ಬಾಲ ಕೈಯಲ್ಲಿ ಎಳೆದರೆ ಹಲ್ಲಿನ ಬಕಲ್ ಕಚ್ಚಿ ಹಿಡಿಯುವಂಥದ್ದು) ನಿಮ್ಮ ತೋಳಿನ ಬಲ ಎಷ್ಟೋ ಅಷ್ಟೇ. ಒಂದು ಕೈಯಲ್ಲಿ ಫೋರ್ಕ್ ಒತ್ತಿ, ಇನ್ನೊಂದರಲ್ಲಿ ಬಾಲ ಎಳೆದರೆ ಮುಗಿಯಿತು. ಬಕಲ್ ಜಾರಬಹುದು ಅನ್ನುವುದು ನಿಜ, ಅದರಲ್ಲೂ ಹಲ್ಲಿಗೆ ಮಣ್ಣು ತುಂಬಿದ್ದರೆ. ಅದಕ್ಕೆ ಉಳಿದ ಬಾಲವನ್ನು ಬಕಲ್ಲಿನ ಹಿಂದೆಯೇ ಎರಡು ಗಂಟು ಹಾಕಿಬಿಡುತ್ತೇನೆ. ಜಾರಿದರೂ ಗಂಟಿಗೆ ಬಂದು ನಿಲ್ಲುತ್ತದೆ. ಆದರೆ ಗಂಟು ಬಾಲದಲ್ಲಿ ಮಾತ್ರ. ಭಾರ ಹೊರುವ ಭಾಗದಲ್ಲಿ ಗಂಟು ಬಿದ್ದರೆ ಪಟ್ಟಿಯ ಬಲ ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಬೈಕುಗಳ ಫೋರ್ಕ್ 300 ಮಿಮೀ ಓಡುತ್ತದೆ, ಅರ್ಧ ಕುಗ್ಗಿಸಿದರೂ ಬೇಕಾದಷ್ಟು ಕುಣಿಯುತ್ತದೆ. ಹಾಗಾಗಿ ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಮರದ ದಿಮ್ಮಿ ಇಟ್ಟು ಎಳೆಯುತ್ತೇವೆ. ಫೋರ್ಕ್ ಅಲ್ಲಿಗೆ ನಿಂತುಬಿಡುತ್ತದೆ, ಪಟ್ಟಿ ಸಡಿಲ ಆಗುವ ಮಾತೇ ಇಲ್ಲ. ಆದರೆ ಇದು ಮಡ್‌ಗಾರ್ಡ್ ಎತ್ತರದಲ್ಲಿ ಇರುವ ಬೈಕಿಗೆ ಮಾತ್ರ. ಪ್ರಶ್ನೆ ಕೇಳಿದವರದು ರಸ್ತೆ ಬೈಕ್, ಮಡ್‌ಗಾರ್ಡ್ ಟೈರಿಗೆ ಅಂಟಿಕೊಂಡಿರುತ್ತದೆ, ಆ ಸಾಹಸ ಬೇಡ.

ಪಟ್ಟಿಗೆ ಎಲ್ಲಾದರೂ ಒಂದು ತಿರುಚು ಕೊಡಿ. ಚಪ್ಪಟೆಯಾಗಿ ನೇರ ಬಿಟ್ಟರೆ ಗಾಳಿಗೆ ಭೋಂ ಅಂತ ಹಾಡಲು ಶುರು ಮಾಡುತ್ತದೆ. ಹಾಡು ಕೇಳೋಕೆ ಪರವಾಗಿಲ್ಲ, ಆ ನಡುಕಕ್ಕೆ ಬಕಲ್ ನಿಧಾನಕ್ಕೆ ಜಾರುತ್ತದೆ, ಪಟ್ಟಿ ತಾಗಿದ ಕಡೆ ಬಣ್ಣ ತಿನ್ನುತ್ತದೆ. ಒಂದೇ ಒಂದು ತಿರುಚು ಹಾಕಿದರೆ ಸದ್ದು ನಿಲ್ಲುತ್ತದೆ.

—

ಗ್ರೀಸ್‌ಕೈ:

ಕೆಸರುಚಕ್ರ, ನಿಮ್ಮದು 105 ಕೆಜಿ ಬೈಕ್ ಸ್ವಾಮಿ. 190 ಕೆಜಿಯನ್ನು ತೋಳಿನ ಬಲದಲ್ಲಿ ಕುಗ್ಗಿಸೋಕೆ ಎಲ್ಲರ ಕೈಲೂ ಆಗಲ್ಲ. ನಾನು ಮುಂದೆ ರಾಚೆಟ್, ಹಿಂದೆ ಕ್ಯಾಮ್ ಬಳಸುತ್ತೇನೆ. ರಾಚೆಟ್ ಬಳಸುವುದಾದರೆ ಉರುಳೆ ಮೇಲೆ ಪಟ್ಟಿ ಎರಡು ಸುತ್ತಾದರೂ ಬಿದ್ದಿರಲಿ, ತೀರ ಕಡಿಮೆ ಇದ್ದರೆ ಜಾರುತ್ತದೆ, ಐದಾರು ಸುತ್ತು ಆದರೆ ಸಿಕ್ಕಿಕೊಂಡು ಬಿಚ್ಚೋಕೇ ಆಗಲ್ಲ. ಕೊನೆಗೆ ಹಿಡಿಯನ್ನು ಪೂರ್ತಿ ಮಡಚಿ ಲಾಕ್ ಮಾಡಿ. ಅರ್ಧ ತೆರೆದ ಹಿಡಿ ದಾರಿಯಲ್ಲಿ ಬಿಚ್ಚಿಕೊಳ್ಳುವುದನ್ನು ನೋಡಿದ್ದೇನೆ.

—

ಒಂಟಿಸಿಲಿಂಡರ್:

ಅಬ್ಬಾ, ಬಲಗಡೆ ಕೊಕ್ಕೆಯೇ ಯಾಕೆ ಬಿತ್ತು ಅಂತ ಈಗ ಗೊತ್ತಾಯಿತು. ವಾಲಿದ ಕಡೆಯ ಕೊಕ್ಕೆ ಬೀಳಬೇಕಿತ್ತಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ.

ಗೆಳೆಯನ ಟ್ರೇಲರಿನಲ್ಲಿ ಮುಂದಿನ ಚಕ್ರ ಕೂರಿಸುವ ಚಾಕ್ ಇಲ್ಲ, ಎರಡು ಹಲಗೆ ತುಂಡು ಮೊಳೆ ಹೊಡೆದಿದ್ದಾರೆ ಅಷ್ಟೇ. ಸಾಕಾಗುತ್ತಾ? ಹಿಂದಿನ ಪಟ್ಟಿ ಯಾವ ಕಡೆಗೆ ಎಳೆಯಬೇಕು? ಹತ್ತಿಸುವಾಗ ಇಳಿಸುವಾಗ ನಾನೊಬ್ಬನೇ ಇರುವ ಸಾಧ್ಯತೆ ಜಾಸ್ತಿ, ಅದಕ್ಕೂ ಏನಾದರೂ ಹೇಳಿ.

—

ಟ್ರೇಲರ್‌ಬಾಲ:

ಚಾಕ್ ಹಾಕಿಸಿ. ಮೊಳೆ ಹೊಡೆದ ಹಲಗೆ ನಂಬಬೇಡಿ, ಬೋಲ್ಟ್ ಹಾಕಿ ತಳದ ಚೌಕಟ್ಟಿಗೇ ಬಿಗಿದ ಕಬ್ಬಿಣದ ಚಾಕ್ ಬೇಕು. ಯಾಕೆ ಅಂದರೆ, ಜೋರು ಬ್ರೇಕ್ ಬಿದ್ದಾಗ ಬೈಕ್ ಮುಂದಕ್ಕೆ ನುಗ್ಗುತ್ತದೆ, ಮುಂದಕ್ಕೆ ಎಳೆಯುತ್ತಿರುವ ಪಟ್ಟಿಗಳು ಆಗ ತಡೆಯಲ್ಲ, ಸಡಿಲ ಆಗುತ್ತವೆ. ತಡೆಯಬೇಕಾದ್ದು ಚಾಕ್. ಯುರೋಪಿನಲ್ಲಿ ಸರಕು ಕಟ್ಟುವುದಕ್ಕೆ ಇಎನ್ 12195 ಅನ್ನುವ ಮಾನದಂಡ ಇದೆ. ರಸ್ತೆ ಸಾಗಣೆಯಲ್ಲಿ ಮುಂದಕ್ಕೆ ಸರಕಿನ ತೂಕದ 0.8 ಪಾಲು, ಹಿಂದಕ್ಕೂ ಪಕ್ಕಕ್ಕೂ 0.5 ಪಾಲು ಬಲ ತಡೆಯಬೇಕು ಅಂತ ಅದರ ಲೆಕ್ಕ. ನಿಮ್ಮ 190 ಕೆಜಿಗೆ ಮುಂದಕ್ಕೆ 152, ಪಕ್ಕಕ್ಕೆ 95. ಎರಡು ಮೊಳೆ 152 ಕೆಜಿ ಎಷ್ಟು ಸಲ ತಡೆದಾವು?

ಪಟ್ಟಿ ಬಗ್ಗೆಯೂ ಇದೇ ಲೆಕ್ಕ. ಲೇಬಲ್ ಮೇಲೆ ದೊಡ್ಡದಾಗಿ ಬರೆದಿರುವುದು ಬಹಳ ಸಲ ಹರಿಯುವ ಮಿತಿ. ನೀವು ನೋಡಬೇಕಾದ್ದು ಕೆಲಸದ ಮಿತಿ, ಅದು ಸಾಮಾನ್ಯವಾಗಿ ಮೂರನೇ ಒಂದು ಭಾಗ. ದಾರ ಎದ್ದ, ಬಿಸಿಲಿಗೆ ಬಣ್ಣ ಸತ್ತು ಬಿರುಸಾದ ಪಟ್ಟಿ ಎಸೆಯಿರಿ. ನೈಲಾನ್‌ಗಿಂತ ಪಾಲಿಯೆಸ್ಟರ್ ಒಳ್ಳೆಯದು. ನೈಲಾನ್ ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ, ಮಳೆಯಲ್ಲಿ ಹತ್ತು ಕಿಮೀ ಹೋಗುವಷ್ಟರಲ್ಲಿ ಕಟ್ಟು ಸಡಿಲ.

ಪಟ್ಟಿಯ ಓರೆ: ಡೇರೆಯ ಹಗ್ಗ ನೆನಪಿಸಿಕೊಳ್ಳಿ. ಮುಂದಿನ ಎರಡು ಪಟ್ಟಿ ಬೈಕಿನಿಂದ ಮುಂದಕ್ಕೂ, ಹೊರಕ್ಕೂ, ಕೆಳಕ್ಕೂ ಹೋಗಬೇಕು, ಹೆಚ್ಚುಕಡಿಮೆ 45 ಡಿಗ್ರಿ. ತೀರ ನೇರ ಕೆಳಕ್ಕೆ ಇದ್ದರೆ ಬೈಕನ್ನು ಒತ್ತುತ್ತದೆ, ಪಕ್ಕಕ್ಕೆ ಹಿಡಿಯಲ್ಲ. ತೀರ ಅಡ್ಡ ಹೋದರೆ ಪಕ್ಕಕ್ಕೆ ಹಿಡಿಯುತ್ತದೆ, ಒತ್ತಲ್ಲ.

ಹಿಂದಿನ ಪಟ್ಟಿಗೆ ಕೆಲಸ ಕಡಿಮೆ. ಹಿಂಭಾಗ ಪಕ್ಕಕ್ಕೆ ಕುಪ್ಪಳಿಸದ ಹಾಗೆ ನೋಡಿಕೊಂಡರೆ ಸಾಕು. ಫ್ರೇಮಿನ ಗಟ್ಟಿ ಭಾಗಕ್ಕೆ ಕುಣಿಕೆ ಹಾಕಿ, ಹೊರಕ್ಕೆ ಮತ್ತು ಸ್ವಲ್ಪ ಹಿಂದಕ್ಕೆ. ಲಗೇಜ್ ರ‍್ಯಾಕ್, ಹಿಂದೆ ಕೂತವರು ಹಿಡಿಯುವ ಕಂಬಿ ಬೇಡ, ಅವು ಈ ಎಳೆತಕ್ಕೆ ಮಾಡಿದ್ದಲ್ಲ. ಹಿಂದಿನದನ್ನು ಮುಂದಿನದಕ್ಕಿಂತ ಜೋರಾಗಿ ಎಳೆದರೆ ಚಕ್ರ ಚಾಕಿನಿಂದ ಹಿಂದೆ ಸರಿಯುತ್ತದೆ. ಮೊದಲು ಮುಂದೆ ಪೂರ್ತಿ ಮುಗಿಸಿ, ಆಮೇಲೆ ಹಿಂದೆ ಬನ್ನಿ. ಐದನೇ ಪಟ್ಟಿ ಇದ್ದರೆ ಹಿಂದಿನ ಚಕ್ರದ ರಿಮ್ ಒಳಗಿಂದ ಹಾಯಿಸಿ ಹಲಗೆಗೇ ಕಟ್ಟಿ. ಚಕ್ರವನ್ನು ಕಟ್ಟಿದ ಪಟ್ಟಿಗೆ ಶಾಕ್ ಎಷ್ಟು ಕುಣಿದರೂ ಸಂಬಂಧ ಇಲ್ಲ, ಅದು ಸಡಿಲ ಆಗಲ್ಲ.

ಗೇರ್: ಮೊದಲನೇ ಗೇರಿನಲ್ಲಿ ಇಡಿ. ಪಟ್ಟಿ ಕಟ್ಟುವಾಗ ಬೈಕ್ ಹಿಂದೆ ಉರುಳಲ್ಲ, ಅಷ್ಟೇ ಲಾಭ. ಕಟ್ಟಿ ಮುಗಿದ ಮೇಲೆ ಗೇರಿದ್ದರೂ ಇಲ್ಲದಿದ್ದರೂ ದೊಡ್ಡ ವ್ಯತ್ಯಾಸ ಇಲ್ಲ. ಇದಕ್ಕೆ ಜನ ಇಷ್ಟು ಜಗಳ ಆಡುವುದು ಯಾಕೋ ನನಗೆ ತಿಳಿಯಲ್ಲ. ಹ್ಯಾಂಡಲ್ ಲಾಕ್ ಮಾತ್ರ ಹಾಕಬೇಡಿ. ಚಕ್ರ ನೇರ ನಿಲ್ಲಬೇಕು.

ಈಗ ಹತ್ತಿಸುವುದು. ಮೊದಲು ಟ್ರೇಲರನ್ನು ಗಾಡಿಗೆ ಸಿಕ್ಕಿಸಿ, ಸರಪಳಿ ಹಾಕಿ, ಗಾಡಿಯ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಬೈಕ್. ಸಿಕ್ಕಿಸದ ಟ್ರೇಲರಿನ ಬಾಲಕ್ಕೆ ಬೈಕಿನ ತೂಕ ಬಿದ್ದರೆ, ಗಾಡಿಗೆ ಸಿಕ್ಕಿಸುವ ಮೂತಿ ಸೀದಾ ಆಕಾಶಕ್ಕೆ ಏಳುತ್ತದೆ. ರಾಂಪನ್ನೂ ಟ್ರೇಲರಿಗೆ ಕಟ್ಟಿ. ಹಿಂದಿನ ಚಕ್ರ ರಾಂಪ್ ಹತ್ತುವಾಗ ಅದನ್ನು ಹಿಂದಕ್ಕೆ ಒದೆಯುತ್ತದೆ. ಅರ್ಧ ಹತ್ತಿದಾಗ ರಾಂಪ್ ಜಾರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಕೂತು ಓಡಿಸಿಕೊಂಡು ಹತ್ತಬೇಡಿ. ಎಡಗಡೆ ನಿಂತು, ಎಂಜಿನ್ ಚಾಲೂ ಮಾಡಿ, ಮೊದಲನೇ ಗೇರಿನಲ್ಲಿ ಕ್ಲಚ್ ಆಟದಲ್ಲಿ ನಡೆಸಿಕೊಂಡು ಹೋಗಿ. ನಿಮ್ಮ ಕಾಲಿಗೂ ಬೇರೆ ಹಲಗೆ ಬೇಕು, ಅದನ್ನು ಮರೆಯುವವರೇ ಜಾಸ್ತಿ. ಬೈಕ್ ರಾಂಪ್ ಮೇಲೆ ಇರುತ್ತದೆ, ಸವಾರ ನೆಲದಲ್ಲಿ, ಹ್ಯಾಂಡಲ್ ಎದೆಯ ಎತ್ತರಕ್ಕೆ ಹೋಗಿ ಕೈಗೆ ಸಿಗುವುದೇ ಇಲ್ಲ.

ಇಳಿಸುವಾಗ ನಾನೇ ಒಮ್ಮೆ ಬಿದ್ದಿದ್ದೇನೆ. ಹಿಂದಕ್ಕೆ ಇಳಿಸುತ್ತಿದ್ದೆ, ಮುಂದಿನ ಬ್ರೇಕ್ ಹಿಡಿದುಕೊಂಡೇ ಇದ್ದೆ. ಬೈಕ್ ರಾಂಪಿಗೆ ಬಂದ ಕೂಡಲೇ ತೂಕವೆಲ್ಲ ಕೆಳಗಿರುವ ಹಿಂದಿನ ಚಕ್ರಕ್ಕೆ ಹೋಯಿತು, ಮೇಲಿರುವ ಮುಂದಿನ ಚಕ್ರ ಹಗುರ ಆಯಿತು. ಬ್ರೇಕ್ ಹಿಡಿದಿದೆ, ಚಕ್ರ ನಿಂತಿದೆ, ಆದರೆ ಟೈರ್ ಇಬ್ಬನಿ ಬಿದ್ದ ಕಬ್ಬಿಣದ ಮೇಲೆ ಕಿರ್ರ್ ಅಂತ ಜಾರುತ್ತಲೇ ಇದೆ. ನನ್ನ ಕೈ ಲಿವರನ್ನು ಇನ್ನೂ ಇನ್ನೂ ಒತ್ತುತ್ತಿತ್ತು, ಏನು ಪ್ರಯೋಜನ. ಬೈಕ್ ಒಂದು ಕಡೆ, ನಾನೊಂದು ಕಡೆ. ಅವತ್ತಿಂದ ಎಂಜಿನ್ ಆಫ್ ಮಾಡಿ, ಮೊದಲನೇ ಗೇರ್ ಹಾಕಿ, ಕ್ಲಚ್ಚನ್ನೇ ಬ್ರೇಕ್ ಮಾಡಿಕೊಂಡಿದ್ದೇನೆ. ಕ್ಲಚ್ ಒತ್ತಿದರೆ ಬೈಕ್ ಇಳಿಯುತ್ತದೆ, ಬಿಟ್ಟರೆ ಹಿಂದಿನ ಚಕ್ರ ನಿಲ್ಲುತ್ತದೆ. ಒಂದೊಂದು ಗೇಣು ಇಳಿಸಬಹುದು. ಆದರೂ 190 ಕೆಜಿಗೆ ಒಬ್ಬರೇ ಬೇಡ ಅಂತಲೇ ನನ್ನ ಮಾತು. ದಾರಿಹೋಕರನ್ನಾದರೂ ಕರೆಯಿರಿ, ಹಿಂದೆ ನಿಲ್ಲಿಸಬೇಡಿ, ಇನ್ನೊಂದು ಪಕ್ಕಕ್ಕೆ ನಿಲ್ಲಿಸಿ.

ಇನ್ನು ಟ್ರೇಲರ್. ಬೈಕ್ ಕಟ್ಟುವುದರಲ್ಲೇ ಮುಳುಗಿ ಇದನ್ನು ಯಾರೂ ನೋಡಲ್ಲ. ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇರಬೇಕು. ಒಟ್ಟು ತೂಕದ 10ರಿಂದ 15 ಶೇಕಡಾ ಮೂತಿಯ ಮೇಲೆ ಬೀಳುವ ಹಾಗೆ ಇಡುವುದು ರೂಢಿ, ಗಾಡಿಯ ಕೈಪಿಡಿಯಲ್ಲಿ ಬರೆದ ಮಿತಿ ಮೀರದೆ. ಟ್ರೇಲರ್ ಮತ್ತು ಬೈಕ್ ಸೇರಿ 400 ಕೆಜಿ ಅಂದರೆ ಮೂತಿಯಲ್ಲಿ 40–60. ಮನುಷ್ಯರು ನಿಂತು ತೂಕ ನೋಡುವ ಯಂತ್ರದ ಮೇಲೆ ಮೂತಿ ಇಟ್ಟು ನೋಡಿ, ತಿಳಿಯುತ್ತದೆ. ಭಾರ ಹಿಂದೆ ಬಿದ್ದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಹಾಗೆ ಆದಾಗ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಆಡಿಸಬೇಡಿ, ನೇರ ಹಿಡಿದು ಆಕ್ಸಿಲರೇಟರ್ ಬಿಡಿ.

ಮೊದಲ ನಿಲುಗಡೆಯಲ್ಲಿ ಪಟ್ಟಿ ನೋಡುವಾಗ ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿದು ನೋಡಿ. ಟ್ರೇಲರಿನ ಪುಟ್ಟ ಚಕ್ರ ನಿಮ್ಮ ಗಾಡಿಯ ಚಕ್ರಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗಿನಲ್ಲಿ ಗ್ರೀಸ್ ಇಲ್ಲದಿರಬಹುದು.

—

ಹಳೇಕಾರ್ಬ್:

ಎಲ್ಲರೂ ಹೇಳಿದ್ದಾರೆ, ನನ್ನದು ಎರಡೇ ಮಾತು. ಕಾರ್ಬ್ಯುರೇಟರ್ ಬೈಕ್ ಆದರೆ ಪೆಟ್ರೋಲ್ ಬರುವ ನಲ್ಲಿಯನ್ನು ಬಂದ್ ಮಾಡಿ. ನಾನು ಮರೆತಿದ್ದೆ. ನಾಲ್ಕು ಗಂಟೆ ಕುಲುಕಾಟದಲ್ಲಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಕುಣಿದು ಕುಣಿದು ಪೆಟ್ರೋಲ್ ಉಕ್ಕಿ ಸಿಲಿಂಡರಿಗೆ ಇಳಿದಿತ್ತು. ಇಳಿಸಿ ಕಿಕ್ ಹೊಡೆದರೆ ಕಿಕ್ಕರ್ ಅಲ್ಲಾಡಲಿಲ್ಲ. ಪ್ಲಗ್ ಬಿಚ್ಚಿದ ಮೇಲೆ ಕಾರಂಜಿ. ಎಂಜಿನ್ ಆಯಿಲ್ ಕಡ್ಡಿ ಮೂಸಿದರೆ ಅದರಲ್ಲೂ ಪೆಟ್ರೋಲ್ ವಾಸನೆ, ಪೂರ್ತಿ ಆಯಿಲ್ ಬದಲಾಯಿಸಬೇಕಾಯಿತು.

ಇನ್ನೊಂದು, ಬೈಕಿಗೆ ಕವರ್ ಹಾಕಿ ಸಾಗಿಸಬೇಡಿ. ಗಾಳಿಗೆ ಪಟಪಟ ಬಡಿದು, ಒಳಗೆ ಸಿಕ್ಕ ಧೂಳಿನ ಜೊತೆ ಟ್ಯಾಂಕಿಗೆ ಉಪ್ಪು ಕಾಗದ ಉಜ್ಜಿದ ಹಾಗೆ ಮಾಡುತ್ತದೆ. ವಾಲಿದರೆ ಕೂಗುವ ಅಲಾರ್ಮ್ ಇದ್ದರೆ ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಬ್ಯಾಟರಿ ಖಾಲಿ, ಹಿಂದಿನ ಗಾಡಿಯವರ ತಾಳ್ಮೆಯೂ ಖಾಲಿ.

—

ನಿಧಾನಸವಾರ:

ಒಂಟಿಸಿಲಿಂಡರ್ ಅವರೇ, ಆ ಬಿರುಕು ಬಿಟ್ಟ ಸ್ಟ್ಯಾಂಡ್ ಮೇಲೆ ಬೈಕ್ ನಿಲ್ಲಿಸಬೇಡಿ. ಇಳಿಸಿದ ಖುಷಿಯಲ್ಲಿ ಸ್ಟ್ಯಾಂಡ್ ಹಾಕಿ ಕೈ ಬಿಟ್ಟರೆ ಅಲ್ಲೇ ಕಥೆ ಮುಗಿಯುತ್ತದೆ.

—

ಒಂಟಿಸಿಲಿಂಡರ್:

ಹೋಗಿ ಬಂದೆ. 600 ಕಿಮೀ, ಬೈಕ್ ನೆಟ್ಟಗೆ ನಿಂತ ಹಾಗೇ ಇತ್ತು.

ಚಾಕ್ ಬೋಲ್ಟ್ ಹಾಕಿಸಿದೆ. ಮುಂದೆ ಕೆಳಗಿನ ಕ್ಲಾಂಪಿಗೆ ಕುಣಿಕೆ, ನಾಲಿಗೆ ಇರುವ ಕೊಕ್ಕೆ, ಗ್ರೀಸ್‌ಕೈ ಹೇಳಿದ ಹಾಗೆ ಫೋರ್ಕಿಗೆ ಕೇಬಲ್ ಟೈ. ಮೊದಲ ಸಲ ಎಳೆದಾಗ ಬಲಗಡೆ ಕುಣಿಕೆ ಬ್ರೇಕ್ ಪೈಪಿನ ಮೇಲೇ ಕೂತಿತ್ತು. ಬೆರಳು ಹಾಕಿ ನೋಡದೆ ಇದ್ದಿದ್ದರೆ ತಿಳಿಯುತ್ತಿರಲಿಲ್ಲ. ಬಿಚ್ಚಿ ಪೈಪಿನ ಒಳಗಡೆಯಿಂದ ಹಾಯಿಸಿದೆ.

18 ಕಿಮೀಗೆ ನಿಲ್ಲಿಸಿದೆ. ನಂಬಿದರೆ ನಂಬಿ, ನಾಲ್ಕು ಪಟ್ಟಿಯಲ್ಲಿ ಮೂರು ಸಡಿಲ. ಹೊಸ ಪಟ್ಟಿ ಹಿಗ್ಗಿತೋ, ಕುಣಿಕೆಗಳು ಜಾಗಕ್ಕೆ ಕೂತವೋ, ಮುಂದಿನವು ಎರಡೆರಡು ಹಲ್ಲು ಹಿಡಿದವು. ಕೇಬಲ್ ಟೈ 22 ಮಿಮೀ ಮೇಲೆ ಹೋಗಿತ್ತು. ಮತ್ತೆ ಸೀಲಿಗೆ ಇಳಿಸಿಟ್ಟೆ. ಮುಂದಿನ ನಿಲುಗಡೆಯಲ್ಲಿ 15, ಆಮೇಲೆ ಪಟ್ಟಿ ಮುಟ್ಟಬೇಕಾಗೇ ಬರಲಿಲ್ಲ, ಆದರೂ ಗಂಟೆಗೊಮ್ಮೆ ಇಳಿದು ನೋಡಿದೆ. ಭಾನುವಾರದ ಹೆದರಿಕೆ ಹಾಗೆ ಮಾಡಿಸುತ್ತದೆ. ಫೋರ್ಕ್ ಸೀಲ್ ಒಣಗೇ ಇದೆ.

ತಪ್ಪು ಮಾಡಿದ್ದು ಒಂದೇ. ಎಡಗಡೆ ರಾಚೆಟ್ಟಿನ ಉಳಿದ ಬಾಲವನ್ನು ಸುತ್ತಿ ಸಿಕ್ಕಿಸಿದ್ದೆ, ಕಟ್ಟಿರಲಿಲ್ಲ. ಅದು ಬಿಚ್ಚಿಕೊಂಡು ಗಾಳಿಗೆ ಟ್ಯಾಂಕಿಗೆ ಬಡಿಯುತ್ತಾ ಬಂದಿದೆ. ಅಂಗೈ ಅಗಲದಷ್ಟು ಜಾಗ ಹೊಳಪು ಹೋಗಿ ಮಂಕಾಗಿದೆ, ಉಗುರು ಆಡಿಸಿದರೆ ಗೀರು ತಗಲಲ್ಲ. ಪಾಲಿಶ್‌ಗೆ ಹೋಗುತ್ತಾ, ಇಲ್ಲ ಬಣ್ಣವೇ ಮಾಡಿಸಬೇಕಾ?

—

ಗ್ರೀಸ್‌ಕೈ:

ಉಗುರಿಗೆ ತಗಲದಿದ್ದರೆ ಮೇಲಿನ ಪದರ ಮಾತ್ರ. ಪಾಲಿಶ್‌ಗೆ ಹೋಗುತ್ತದೆ. ಮೊದಲು ತೊಳೆಯಿರಿ, ಧೂಳಿನ ಮೇಲೇ ಉಜ್ಜಬೇಡಿ. ಸ್ಟ್ಯಾಂಡಿನ ಬೆಸುಗೆ ಬಗ್ಗೆ ಹೊಸ ಪ್ರಶ್ನೆ ಹಾಕಿ, ಬಿರುಕು ಫ್ರೇಮಿಗೆ ಹೋಗಿದೆಯಾ, ಬರೀ ಸ್ಟ್ಯಾಂಡಿನದಾ ಅಂತ ಫೋಟೊ ಸಮೇತ. ಹೊಸ ಸ್ಟ್ಯಾಂಡ್ ಹಾಕುವುದು ಸುಲಭ. ಫ್ರೇಮ್ ಕಡೆ ಬಂದಿದ್ದರೆ ಬೇರೆ ಮಾತು.